ವಕೀಲರ ಬೆನ್ನ ಹಿಂದಿನ ಪುಸ್ತಕಗಳು

ಸಿನಿಮಾದಲ್ಲಿ ವಕೀಲರ ಕೋಣೆಯನ್ನು ತೋರಿಸಬೇಕಾದರೆ ಕಲಾ ನಿರ್ದೇಶಕರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗೋಡೆಯುದ್ದಕ್ಕೂ ಗಾಜಿನ ಬೀರು, ಅದರೊಳಗೆ ಒಂದೇ ಎತ್ತರದ, ಒಂದೇ ಬಣ್ಣದ, ಬೆನ್ನಿನ ಮೇಲೆ ಬಂಗಾರದ ಅಕ್ಷರಗಳಿರುವ ದಪ್ಪ ದಪ್ಪ ಸಂಪುಟಗಳು, ಮುಂದೊಂದು ಮೇಜು. ಇಷ್ಟಾದರೆ ಸಾಕು. ನಿಜವಾದ ಕಕ್ಷಿಗಾರರೂ ಬಹುಕಾಲ ಆ ಬೀರುಗಳನ್ನು ಕಂಡೇ ಅರ್ಧ ಧೈರ್ಯ ತಂದುಕೊಳ್ಳುತ್ತಿದ್ದರು. ಬೀರುಗಳ ಸಂಖ್ಯೆಗೂ ವಕೀಲರ ಶುಲ್ಕಕ್ಕೂ ಒಂದು ಅಲಿಖಿತ ಸಂಬಂಧವಿತ್ತು.

ಆ ಸಂಪುಟಗಳೆಲ್ಲ ಕಾಯ್ದೆಯ ಪುಸ್ತಕಗಳೆಂದು ಹಲವರು ತಿಳಿದಿರುತ್ತಾರೆ. ಕಾಯ್ದೆಗಳಿಗೆ ಅಷ್ಟೊಂದು ಜಾಗ ಬೇಕಾಗಿಲ್ಲ. ಅವುಗಳಲ್ಲಿ ಬಹುಪಾಲು ಹಳೆಯ ಮೊಕದ್ದಮೆಗಳ ತೀರ್ಪುಗಳು. ನಮ್ಮ ನ್ಯಾಯಪದ್ಧತಿಯಲ್ಲಿ ಶಾಸನಸಭೆ ಮಾಡಿದ ಕಾಯ್ದೆ ಎಷ್ಟು ಮುಖ್ಯವೋ, ಆ ಕಾಯ್ದೆಯ ಮಾತಿಗೆ ಮೇಲಿನ ನ್ಯಾಯಾಲಯ ಹಿಂದೊಮ್ಮೆ ಕೊಟ್ಟ ಅರ್ಥವೂ ಅಷ್ಟೇ ಮುಖ್ಯ. ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ ಎಂದು ಸಂವಿಧಾನದ 141ನೆಯ ವಿಧಿಯೇ ಹೇಳುತ್ತದೆ. ಹೀಗಾಗಿ ತನ್ನ ಕಕ್ಷಿಗಾರನಿಗೆ ಅನುಕೂಲವಾದ ಹಳೆಯ ತೀರ್ಪು ಎಲ್ಲಿದೆ ಎಂದು ಬಲ್ಲವನೇ ಗಟ್ಟಿ ವಕೀಲ. ಒಂದು ರೀತಿಯಲ್ಲಿ ನೋಡಿದರೆ ವಕೀಲಿ ವೃತ್ತಿಯ ಇತಿಹಾಸವೆಂದರೆ ಕಾನೂನು ಎಲ್ಲಿ ಶೇಖರವಾಗಿದೆ, ಅದರ ಬೀಗದ ಕೈ ಯಾರಲ್ಲಿದೆ ಎಂಬುದರ ಇತಿಹಾಸ. ಆ ಕೈ ಬದಲಾದಾಗಲೆಲ್ಲ ಅದರ ಹಿಂದೆ ಒಂದು ಯಂತ್ರವಿತ್ತು.

ಮೊದಲು ಬಂದ ಯಂತ್ರ ಅಚ್ಚಿನದು. ಅದು ಕಿತ್ತುಕೊಂಡದ್ದು ಪಂಡಿತರ ಅನ್ನವನ್ನು.

1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಕಂಪನಿ ನ್ಯಾಯಾಲಯಗಳ ವ್ಯವಸ್ಥೆಯನ್ನು ರೂಪಿಸಿದಾಗ, ಮದುವೆ, ಉತ್ತರಾಧಿಕಾರ ಮೊದಲಾದ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನು ಎಂದು ಗೊತ್ತುಮಾಡಿದ. ಆದರೆ ಇಂಗ್ಲಿಷ್ ನ್ಯಾಯಾಧೀಶನಿಗೆ ಸಂಸ್ಕೃತವೂ ತಿಳಿಯದು, ಅರಬಿಯೂ ತಿಳಿಯದು. ಆದ್ದರಿಂದ ನ್ಯಾಯಾಲಯಕ್ಕೆ ಪಂಡಿತರೂ ಮೌಲವಿಗಳೂ ನೇಮಕವಾದರು. ಇಂಥ ವಿಧವೆಗೆ ಆಸ್ತಿಯಲ್ಲಿ ಪಾಲುಂಟೆ ಎಂದು ನ್ಯಾಯಾಧೀಶ ಕೇಳಬೇಕು, ಪಂಡಿತರು ತಾಳೆಗರಿ ಬಿಚ್ಚಿ ವ್ಯವಸ್ಥೆ ಹೇಳಬೇಕು. ಪುಸ್ತಕವೂ ಅವರದೇ, ಅರ್ಥವೂ ಅವರದೇ.

ಇದು ಸಾಹೇಬರಿಗೆ ಹಿಡಿಸಲಿಲ್ಲ. ಪಂಡಿತರು ತಮಗೆ ಬೇಕಾದಂತೆ ಅರ್ಥ ಹೇಳುತ್ತಾರೆ ಎಂಬ ಗುಮಾನಿ ಅವರದು. 1783ರಲ್ಲಿ ಕಲ್ಕತ್ತೆಗೆ ನ್ಯಾಯಾಧೀಶನಾಗಿ ಬಂದ ವಿಲಿಯಂ ಜೋನ್ಸ್ ಸಂಸ್ಕೃತ ಕಲಿಯಲು ಕುಳಿತದ್ದಕ್ಕೆ ಕಾವ್ಯರಸವೊಂದೇ ಕಾರಣವಲ್ಲ. ಪಂಡಿತರ ಹಂಗು ತಪ್ಪಿಸಿಕೊಳ್ಳುವ ಆಸೆಯೂ ಇತ್ತು. ಅದಕ್ಕೂ ಮೊದಲೇ, 1776ರಲ್ಲಿ, ಹನ್ನೊಂದು ಮಂದಿ ಪಂಡಿತರು ಸಂಸ್ಕೃತದಲ್ಲಿ ಸಂಗ್ರಹಿಸಿದ್ದು ಪಾರಸಿಗೆ ಹೋಗಿ, ಪಾರಸಿಯಿಂದ ಹ್ಯಾಲ್‌ಹೆಡ್‌ನ ಇಂಗ್ಲಿಷಿಗೆ ಬಂದು ಲಂಡನ್ನಿನಲ್ಲಿ ಅಚ್ಚಾಗಿತ್ತು. ಎರಡು ಬಾರಿ ಸೋಸಿದ ಮೇಲೆ ಮೂಲದ ರುಚಿ ಎಷ್ಟು ಉಳಿದಿದ್ದೀತು!

ಈ ಕಥೆಯಲ್ಲಿ ಕನ್ನಡನಾಡಿಗೂ ದೊಡ್ಡ ಪಾತ್ರವುಂಟು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಟೀಕೆಯೇ ‘ಮಿತಾಕ್ಷರಾ’. ಇಂದಿನ ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಹೇಳುತ್ತಾರೆ. ಬಂಗಾಳದ ಕಡೆಯೊಂದನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಉತ್ತರಾಧಿಕಾರಕ್ಕೆ ಅದೇ ಪ್ರಮಾಣ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದು ಕಲ್ಕತ್ತೆಯಲ್ಲಿ ಅಚ್ಚು ಮಾಡಿಸಿದ. ಬಂಗಾಳದ ‘ದಾಯಭಾಗ’ವೂ ಅದೇ ಪುಸ್ತಕದಲ್ಲಿ ಸೇರಿತ್ತು. ಅಂದಿನಿಂದ ಸಂಸ್ಕೃತದ ಒಂದಕ್ಷರವೂ ಬಾರದ ನ್ಯಾಯಾಧೀಶ, ಇಂಗ್ಲಿಷ್ ಬಲ್ಲ ವಕೀಲ, ಇಬ್ಬರೂ ಅಧ್ಯಾಯ ಮತ್ತು ಕಂಡಿಕೆಯ ಸಂಖ್ಯೆ ಹಿಡಿದು ಶಾಸ್ತ್ರಾರ್ಥ ನಡೆಸಬಹುದಾಯಿತು. ಪಂಡಿತರನ್ನು ಕೇಳುವುದು ಕ್ರಮೇಣ ಬರಿಯ ಶಾಸ್ತ್ರವಾಯಿತು. 1864ರಲ್ಲಿ ಕಾಯ್ದೆಯ ಮೂಲಕವೇ ಆ ಹುದ್ದೆಗಳನ್ನು ರದ್ದುಪಡಿಸಿದರು.

ತಾಳೆಗರಿಯಲ್ಲಿ ಪಾಠಾಂತರಗಳಿದ್ದವು, ಊರಿಗೊಂದು ಸಂಪ್ರದಾಯ, ಮನೆತನಕ್ಕೊಂದು ವಾಡಿಕೆ ಇತ್ತು. ಅಚ್ಚಿನ ಮೊಳೆ ಅದೆಲ್ಲವನ್ನೂ ಒಂದೇ ಪಾಠಕ್ಕೆ ಬಿಗಿದುಬಿಟ್ಟಿತು. ರಾಮನಾಡಿನ ವಿಧವೆಯೊಬ್ಬಳ ದತ್ತುಸ್ವೀಕಾರದ ಮೊಕದ್ದಮೆಯಲ್ಲಿ 1868ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಸ್ಪಷ್ಟವಾಗಿ ರುಜುವಾತಾದ ರೂಢಿ ಗ್ರಂಥದ ಮಾತಿಗಿಂತ ಮೇಲು ಎಂದು ಒಪ್ಪಿಕೊಂಡಿತು. ಆದರೆ ರೂಢಿಯನ್ನು ರುಜುವಾತು ಮಾಡಲು ಸಾಕ್ಷಿಗಳು ಬೇಕು, ದುಡ್ಡು ಬೇಕು, ವರ್ಷಗಳು ಬೇಕು. ಪುಸ್ತಕ ತೋರಿಸಲು ಬೆರಳೊಂದು ಸಾಕು. ವಕೀಲರು ಯಾವ ದಾರಿ ಹಿಡಿದಿರಬಹುದೆಂದು ಬೇರೆ ಹೇಳಬೇಕಾಗಿಲ್ಲ.

ಪಂಡಿತರ ಜಾಗಕ್ಕೆ ಬಂದದ್ದು ತೀರ್ಪುಗಳ ವರದಿ. 1862ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಹೈಕೋರ್ಟುಗಳು ಸ್ಥಾಪನೆಯಾದವು. 1875ರ ಕಾಯ್ದೆಯ ಪ್ರಕಾರ ಸರ್ಕಾರವೇ ‘ಇಂಡಿಯನ್ ಲಾ ರಿಪೋರ್ಟ್ಸ್’ ಮಾಲೆಯನ್ನು ಆರಂಭಿಸಿತು. ಸರ್ಕಾರಿ ವರದಿಯಲ್ಲದ ಬೇರಾವ ವರದಿಯನ್ನೂ ಕೇಳಬೇಕಾದ ಕಟ್ಟುಪಾಡು ನ್ಯಾಯಾಲಯಗಳಿಗಿಲ್ಲ ಎಂದೂ ಆ ಕಾಯ್ದೆ ಹೇಳಿತು. ಆದರೆ ಸರ್ಕಾರದ ಅಚ್ಚುಕೂಟ ತನ್ನದೇ ವೇಗದಲ್ಲಿ ನಡೆಯಿತು. ತೀರ್ಪು ಬಂದು ತಿಂಗಳುಗಳು ಕಳೆದರೂ ವರದಿ ಇಲ್ಲ. ನಾಳೆ ಬೆಳಿಗ್ಗೆ ವಾದ ಮಾಡಬೇಕಾದವನು ಕಾಯುವುದುಂಟೆ? 1891ರಲ್ಲಿ ‘ಮದ್ರಾಸ್ ಲಾ ಜರ್ನಲ್’, 1899ರಲ್ಲಿ ‘ಬಾಂಬೆ ಲಾ ರಿಪೋರ್ಟರ್’ ಹೀಗೆ ಖಾಸಗಿ ಪತ್ರಿಕೆಗಳು ಹುಟ್ಟಿದವು. ಕಾಯ್ದೆಯ ಕಟ್ಟುಪಾಡು ಕಾಗದದಲ್ಲಿ ಉಳಿಯಿತು, ನ್ಯಾಯಾಲಯಗಳು ಖಾಸಗಿ ವರದಿಗಳನ್ನೂ ಧಾರಾಳವಾಗಿ ಕೇಳಿದವು.

ಇವೆಲ್ಲ ಒಂದೊಂದು ಪ್ರಾಂತದ ಪತ್ರಿಕೆಗಳು. ಇಡೀ ದೇಶದ ಹೈಕೋರ್ಟುಗಳ ತೀರ್ಪುಗಳನ್ನು ಒಂದೇ ಸೂರಿನಡಿ ತಂದ ಸಾಹಸ ನಾಗಪುರದ ವಿ.ವಿ. ಚಿತಳೆ ಅವರದು. ಅವರ ‘ಆಲ್ ಇಂಡಿಯಾ ರಿಪೋರ್ಟರ್’ನಲ್ಲಿ 1914ರಿಂದ ಮುಂದಿನ ತೀರ್ಪುಗಳು ಸಿಗುತ್ತವೆ. ವಕೀಲರ ಬಾಯಲ್ಲಿ ಅದು ‘ಎ.ಐ.ಆರ್.’ ಅದು ಕೊಟ್ಟ ದೊಡ್ಡ ಉಪಕಾರವೆಂದರೆ ವಿಳಾಸ. ‘ಎ.ಐ.ಆರ್. 1973 ಎಸ್.ಸಿ. 1461’ ಎಂದರೆ 1973ರ ಸುಪ್ರೀಂ ಕೋರ್ಟ್ ಸಂಪುಟದ 1461ನೆಯ ಪುಟ. ಆ ಪುಟ ತೆರೆದರೆ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಅಳಿಸುವಂತಿಲ್ಲ ಎಂದ ತೀರ್ಪು. ಕಾಸರಗೋಡಿನಲ್ಲಿ ಕೂತವನೂ ಕಾಶ್ಮೀರದಲ್ಲಿ ಕೂತವನೂ ಅದೇ ಪುಟಕ್ಕೆ ಬರಬಹುದು.

ಬರಬಹುದು, ಸಂಪುಟವಿದ್ದರೆ. ತೊಡಕಿದ್ದದ್ದು ಅಲ್ಲೇ. ಏಕೀಕರಣಕ್ಕೆ ಮೊದಲು ಧಾರವಾಡದ ವಕೀಲರು ಬೊಂಬಾಯಿಯ ವರದಿಗಳನ್ನು, ಮಂಗಳೂರಿನವರು ಮದರಾಸಿನವನ್ನು, ಬೆಂಗಳೂರು ಮೈಸೂರಿನವರು 1884ರಲ್ಲಿ ಆರಂಭವಾಗಿ 1930ರಲ್ಲಿ ಹೈಕೋರ್ಟ್ ಆದ ತಮ್ಮ ಚೀಫ್ ಕೋರ್ಟಿನವನ್ನು ಇಟ್ಟುಕೊಳ್ಳುತ್ತಿದ್ದರು. ಕಲಬುರಗಿಯವರದು ಇನ್ನೊಂದು ಲೋಕ. ಹೈದರಾಬಾದ್ ಸಂಸ್ಥಾನ ವಿಲೀನವಾಗುವವರೆಗೆ ಅಲ್ಲಿ ನ್ಯಾಯಾಲಯದ ಭಾಷೆ ಉರ್ದು. 1956ರ ನವೆಂಬರ್ 1ರಂದು ಇವರೆಲ್ಲ ಒಂದೇ ಹೈಕೋರ್ಟಿನ ಕೆಳಗೆ ಬಂದರು. ಆದರೆ ಹಳೆಯ ಪ್ರಾಂತಗಳ ಕಾಯ್ದೆಗಳು ಬದಲಾಗುವ ತನಕ ಆಯಾ ಭಾಗದಲ್ಲಿ ಜಾರಿಯಲ್ಲೇ ಉಳಿದವು. ನಾಡು ಒಂದಾಯಿತು, ಬೀರುಗಳು ಒಂದಾಗಲು ಬಹಳ ಕಾಲ ಹಿಡಿಯಿತು. ಅಷ್ಟೆಲ್ಲ ಸಂಪುಟಗಳನ್ನು ಕೊಳ್ಳುವ ಶಕ್ತಿ ತಾಲ್ಲೂಕು ಕೋರ್ಟಿನ ಕಿರಿಯ ವಕೀಲರಿಗೆ ಎಲ್ಲಿತ್ತು? ಹಿರಿಯರ ಕಚೇರಿ ಸೇರಿ ಅವರ ಬೀರು ತೆರೆಯುವ ಅಧಿಕಾರ ಪಡೆಯುವುದೇ ಅವರ ನಿಜವಾದ ದೀಕ್ಷೆ. ತಂದೆ ವಕೀಲರಾಗಿದ್ದವರಿಗೆ ಆ ಬೀರು ಪಿತ್ರಾರ್ಜಿತ ಆಸ್ತಿ. ಮಿತಾಕ್ಷರದ ಪ್ರಕಾರವೇ ಬಂದದ್ದೆನ್ನಬೇಕು!

ಇನ್ನು ಬರವಣಿಗೆಯ ಮಾತು. ಹಳೆಯ ದಸ್ತಾವೇಜುಗಳ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಬರೆದವನ ಹೆಸರಿರುತ್ತದೆ. ಲೇಖಣಿ ಹಿಡಿದವನೂ ಆ ವ್ಯವಹಾರದ ಒಬ್ಬ ಜವಾಬ್ದಾರ. 20ನೆಯ ಶತಮಾನದಲ್ಲಿ ಟೈಪ್‌ರೈಟರ್ ಬಂದ ಮೇಲೆ ಕೋರ್ಟಿನ ಆವರಣದ ಮರದ ಕೆಳಗೆ, ಜಗಲಿಯ ಮೇಲೆ ಬೆರಳಚ್ಚುಗಾರರು ಬಂದು ಕುಳಿತರು. ನಡುವೆ ಕಾರ್ಬನ್ ಹಾಳೆ ಇಟ್ಟು ಐದಾರು ಪ್ರತಿ ತೆಗೆಯುವುದು, ಮೊದಲ ಪ್ರತಿ ನ್ಯಾಯಾಧೀಶರಿಗೆ, ಓದಲು ಬಾರದ ಕೊನೆಯ ಮಸುಕು ಪ್ರತಿ ಕಕ್ಷಿಗಾರನಿಗೆ. ಮೊಕದ್ದಮೆ ಯಾರದೋ ಅವನಿಗೇ ಅದು ಕಾಣಿಸದು. ಕೈಬರಹದ ಕಾಲದಲ್ಲಿ ಬರೆಯುವವನ ಬೆರಳಿನ ನೋವೇ ಮಾತನ್ನು ಮಿತಗೊಳಿಸುತ್ತಿತ್ತು. ಶೀಘ್ರಲಿಪಿಕಾರನಿಗೆ ಉಕ್ತಲೇಖನ ಕೊಡುವ ಪದ್ಧತಿ ಬಂದ ಮೇಲೆ ವಾದಪತ್ರಗಳೂ ತೀರ್ಪುಗಳೂ ಬೆಳೆದವು. ಕೇಶವಾನಂದ ಭಾರತಿ ತೀರ್ಪು 703 ಪುಟ; ಕಂಪ್ಯೂಟರ್ ಕಾಲದ ಅಯೋಧ್ಯೆ ತೀರ್ಪು, 2019ರದ್ದು, 1,045 ಪುಟ. ವಿಷಯದ ಗಹನತೆ ಒಂದು ಕಾರಣವಿರಬಹುದು. ಯಂತ್ರಕ್ಕೆ ಕೈ ನೋಯುವುದಿಲ್ಲ ಎಂಬುದೂ ಒಂದು ಕಾರಣವೇ.

ಜೆರಾಕ್ಸ್ ಯಂತ್ರದ ಬಗ್ಗೆ ವಕೀಲಿ ಇತಿಹಾಸ ಬರೆಯುವವರು ಹೆಚ್ಚು ಹೇಳುವುದಿಲ್ಲ. ಈ ಲೇಖಕನ ದೃಷ್ಟಿಯಲ್ಲಿ ಸಣ್ಣ ಊರಿನ ವಕೀಲರಿಗೆ ಮೊದಲ ಬಿಡುಗಡೆ ಕೊಟ್ಟದ್ದು ಅದೇ. ಇಡೀ ಸಂಪುಟ ಕೊಳ್ಳಬೇಕಾಗಿಲ್ಲ, ಬೇಕಾದ ಹತ್ತು ಪುಟ ಸಾಕು. ಬೆಂಗಳೂರಿಗೆ ಹೋದ ಗೆಳೆಯರೊಬ್ಬರು ಗ್ರಂಥಾಲಯದಿಂದ ಪ್ರತಿ ತೆಗೆಸಿ ರಾತ್ರಿ ಬಸ್ಸಿನಲ್ಲಿ ಕಳಿಸಿದರೆ ಬೆಳಿಗ್ಗೆ ಅದು ನ್ಯಾಯಾಧೀಶರ ಮುಂದೆ.

ಕಂಪ್ಯೂಟರ್ ನ್ಯಾಯಾಲಯದ ಒಳಗೆ ಬಂದದ್ದು ವಕೀಲರ ಕೋಣೆಗಿಂತ ಮೊದಲು. 1990ರ ಸುಮಾರಿಗೆ ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ ಸುಪ್ರೀಂ ಕೋರ್ಟಿನ ಕಡತಗಳ ವಿವರ ಯಂತ್ರಕ್ಕೆ ಏರತೊಡಗಿತು. ಅಂದ ಹಾಗೆ, ‘ಕಡತ’ ಎಂಬ ಮಾತೇ ಒಂದು ಹಳೆಯ ತಂತ್ರಜ್ಞಾನದ ಹೆಸರು: ಹುಣಿಸೆ ಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿದ, ಮಡಿಚುವ ಬಟ್ಟೆಯ ಪುಸ್ತಕ. ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು, ಬೇಡವಾದರೆ ಅಳಿಸಬಹುದಿತ್ತು. ವಸ್ತು ಹೋಯಿತು, ಹೆಸರು ಸರ್ಕಾರಿ ಫೈಲಿಗೆ ಅಂಟಿಕೊಂಡಿತು.

ದೆಹಲಿಯಲ್ಲಿ ಯಂತ್ರ ಮಾಡಿದ ಕೆಲಸ ಬಲು ಸರಳ. ಒಂದೇ ಕಾನೂನಿನ ಪ್ರಶ್ನೆ ಅಡಗಿದ್ದ ನೂರಾರು ಮೊಕದ್ದಮೆಗಳು ಬೇರೆ ಬೇರೆ ಕಪಾಟುಗಳಲ್ಲಿ ಬೇರೆ ಬೇರೆ ಸಂಖ್ಯೆ ಹೊತ್ತು ಬಿದ್ದಿದ್ದವು. ಅವು ಅಣ್ಣತಮ್ಮಂದಿರೆಂದು ಯಾವ ಗುಮಾಸ್ತನಿಗೂ ಗೊತ್ತಾಗುವಂತಿರಲಿಲ್ಲ. ಯಂತ್ರ ಅವನ್ನು ಗುಂಪು ಮಾಡಿಕೊಟ್ಟಿತು. ಒಂದು ತೀರ್ಪಿನಲ್ಲಿ ಇಡೀ ಗುಂಪು ಇತ್ಯರ್ಥ. 1990ರ ದಶಕದ ಆರಂಭದಲ್ಲಿ ಒಂದು ಲಕ್ಷ ದಾಟಿದ್ದ ಬಾಕಿ ಮೊಕದ್ದಮೆಗಳು ಆ ದಶಕ ಮುಗಿಯುವ ಹೊತ್ತಿಗೆ ಇಪ್ಪತ್ತು ಸಾವಿರದ ಆಸುಪಾಸಿಗೆ ಇಳಿದಿದ್ದವು. ಯಂತ್ರವೊಂದರಿಂದಲೇ ಆದದ್ದಲ್ಲ, ಆದರೆ ಅದಿಲ್ಲದೆ ಆಗುತ್ತಿರಲಿಲ್ಲ. (ಆ ಸಂಖ್ಯೆ ಮತ್ತೆ ಏರಿತು, ಅದು ಬೇರೆ ಕಥೆ.) ದೇಶದ ಕೆಳಹಂತದ ನ್ಯಾಯಾಲಯಗಳಿಗೂ ಇದನ್ನು ಒಯ್ಯಲು 2004ರಲ್ಲಿ ಇ-ಸಮಿತಿ ರಚನೆಯಾದಾಗ ಅದರ ಅಧ್ಯಕ್ಷರಾದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಜಿ.ಸಿ. ಭಾರುಕ. ಇಲ್ಲಿನ ನ್ಯಾಯಾಲಯಗಳ ಗಣಕೀಕರಣಕ್ಕೆ ದುಡಿದ ಅನುಭವ ಅವರ ಬೆನ್ನಿಗಿತ್ತು.

ಅದೇ ಕಾಲಕ್ಕೆ ಬೀರು ತುಂಬುವ ಸಂಪುಟಗಳು ಅಂಗೈ ಅಗಲದ ಸಿ.ಡಿ. ತಟ್ಟೆಗೆ ಇಳಿದವು. ಇಳಿದ ಕೂಡಲೇ ಜಗಳ ಶುರುವಾಯಿತು: ತೀರ್ಪು ಯಾರ ಸ್ವತ್ತು? ಲಖನೌದ ಈಸ್ಟರ್ನ್ ಬುಕ್ ಕಂಪನಿ 1969ರಿಂದ ‘ಸುಪ್ರೀಂ ಕೋರ್ಟ್ ಕೇಸಸ್’ ವರದಿಗಳನ್ನು ಪ್ರಕಟಿಸುತ್ತ ಬಂದಿತ್ತು. ‘ಗ್ರ್ಯಾಂಡ್ ಜ್ಯೂರಿಕ್ಸ್’, ‘ದಿ ಲಾಸ್’ ಎಂಬ ಎರಡು ಸಿ.ಡಿ.ಗಳು ತನ್ನ ಸಂಪುಟಗಳ ಶ್ರಮವನ್ನು ನಕಲು ಮಾಡಿವೆ ಎಂದು ಅದು ನ್ಯಾಯಾಲಯಕ್ಕೆ ಹೋಯಿತು. 2007ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ನಾಜೂಕಾಗಿ ಗೆರೆ ಎಳೆಯಿತು. ನ್ಯಾಯಾಧೀಶರು ಬರೆದ ತೀರ್ಪಿನ ಮೂಲಪಾಠ ಎಲ್ಲರದು, ಅದನ್ನು ಯಾರು ಬೇಕಾದರೂ ಅಚ್ಚು ಮಾಡಬಹುದು. ಅಕ್ಷರ ತಿದ್ದಿದ್ದು, ಅಲ್ಪವಿರಾಮ ಹಾಕಿದ್ದು ಕೃತಿಸ್ವಾಮ್ಯಕ್ಕೆ ಸಾಲದು. ಆದರೆ ತೀರ್ಪಿನ ಸಾರಾಂಶ ಬರೆಯುವುದು, ಪಠ್ಯವನ್ನು ಕಂಡಿಕೆಗಳಾಗಿ ಒಡೆದು ಸಂಖ್ಯೆ ಕೊಡುವುದು, ಯಾವ ನ್ಯಾಯಮೂರ್ತಿ ಒಪ್ಪಿದರು, ಯಾರು ಭಿನ್ನರಾದರು ಎಂದು ಗುರುತಿಸುವುದು ಬುದ್ಧಿಯ ಕೆಲಸ. ಅದು ಸಂಪಾದಕನ ಸ್ವತ್ತು. ಯಾವುದು ಯಂತ್ರ ಮಾಡಬಹುದಾದ ಕೆಲಸ, ಯಾವುದು ಕಾನೂನು ಬಲ್ಲವನು ಮಾಡಬೇಕಾದದ್ದು ಎಂಬ ಗೆರೆಯನ್ನೇ ನ್ಯಾಯಾಲಯ ಪರೋಕ್ಷವಾಗಿ ಎಳೆದಂತಾಯಿತು.

ಮರುತಿಂಗಳು, 2008ರ ಜನವರಿ 4ರಂದು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಸಂಶೋಧನೆ ಮಾಡುತ್ತಿದ್ದ ಸುಶಾಂತ್ ಸಿನ್ಹಾ ‘ಇಂಡಿಯನ್ ಕಾನೂನ್’ ಎಂಬ ತಾಣವನ್ನು ತೆರೆದರು. ಅವರು ವಕೀಲರಲ್ಲ. ಬೇಕಾದ ಪದ ಬರೆದರೆ ಆ ಪದವಿರುವ ತೀರ್ಪುಗಳು ಪುಕ್ಕಟೆಯಾಗಿ ಎದುರಿಗೆ ಬರುತ್ತವೆ. ಪಿತ್ರಾರ್ಜಿತ ಬೀರಿಲ್ಲದ ಮೊದಲ ತಲೆಮಾರಿನ ವಕೀಲರಿಗೆ, ಅಷ್ಟೇಕೆ, ವಕೀಲರೇ ಅಲ್ಲದ ಕಕ್ಷಿಗಾರರಿಗೂ ಬಾಗಿಲು ತೆರೆಯಿತು. ತಾನೇ ತೀರ್ಪು ಓದಿಕೊಂಡು ಬಂದು ‘ಇದನ್ನು ಯಾಕೆ ಹೇಳಲಿಲ್ಲ ಸಾರ್?’ ಎಂದು ಕೇಳುವ ಕಕ್ಷಿಗಾರ ಈ ಕಾಲದ ಸೃಷ್ಟಿ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಾನೇ ತನ್ನ ಅಧಿಕೃತ ವರದಿಯ ಸುಮಾರು 34,000 ತೀರ್ಪುಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು.

ಹುಡುಕುವುದು ಹೀಗೆ ಅಗ್ಗವಾದಾಗ ಎಡವುವುದೂ ಸುಲಭವಾಯಿತು. ಪದ ಸಿಕ್ಕಿತೆಂದರೆ ತತ್ವ ಸಿಕ್ಕಿತೆಂದಲ್ಲ. ಹಳೆಯ ಡೈಜೆಸ್ಟುಗಳಲ್ಲಿ ವಿಷಯವಾರು ಹುಡುಕುತ್ತಿದ್ದವರು ಅಕ್ಕಪಕ್ಕದ ನಾಲ್ಕು ತೀರ್ಪುಗಳ ಮೇಲೂ ಕಣ್ಣಾಡಿಸಿ, ತಮಗೆ ವಿರುದ್ಧವಾದದ್ದನ್ನೂ ಕಂಡು ಸಿದ್ಧರಾಗಿ ಬರುತ್ತಿದ್ದರು. ಇಂದು ಬೇಕಾದದ್ದೊಂದೇ ಮೇಲೆ ತೇಲಿ ಬರುತ್ತದೆ. 2024ರ ಜುಲೈ 1ರಂದು 1860ರ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು, ಕೊಲೆಯ 302 ಈಗ 103 ಆಗಿದೆ. ವಂಚನೆಯ 420 ಈಗ 318. ‘ಫೋರ್ ಟ್ವೆಂಟಿ’ ಎಂಬ ಬೈಗುಳ ಮಾತ್ರ ತಿದ್ದುಪಡಿಯಾಗದೆ ಉಳಿದಿದೆ. ಹಳೆಯ ಸಂಖ್ಯೆ ಹಾಕಿ ಹುಡುಕಿದರೆ ಹಳೆಯದೇ ಸಿಗುತ್ತದೆ, ಹೊಸತು ಹಾಕಿದರೆ ಒಂದೂವರೆ ಶತಮಾನದ ತೀರ್ಪುಗಳು ತಪ್ಪಿಹೋಗುತ್ತವೆ.

ಕೃತಕ ಬುದ್ಧಿಮತ್ತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಹುಡುಕುವುದಷ್ಟೇ ಅಲ್ಲ, ಸಿಗದಿದ್ದರೆ ಹುಟ್ಟಿಸಿಯೂ ಕೊಡುತ್ತದೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿದ್ದಾಗ ಇಲ್ಲಿ ಹಲವರು ನಕ್ಕರು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರಿನಲ್ಲಿ ತಾನು ಕೊಟ್ಟಿದ್ದ ಆದೇಶವೊಂದನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಸೇರಿಕೊಂಡಿದ್ದವು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್, ಸುಪ್ರೀಂ ಕೋರ್ಟ್ ಎಂದೂ ಕೊಡದ ತೀರ್ಪುಗಳನ್ನು ಆಧಾರವಾಗಿ ಇಟ್ಟುಕೊಂಡ ವಿಚಾರಣಾ ನ್ಯಾಯಾಲಯದ ನ್ಯಾಯಾಧೀಶರೊಬ್ಬರ ವಿಷಯದಲ್ಲಿ ಮುಂದಿನ ಕ್ರಮಕ್ಕೆ ಆದೇಶಿಸಿತು. ವಿಳಾಸವಿದೆ, ಮನೆಯಿಲ್ಲ. ಪಂಡಿತರು ಅರ್ಥವನ್ನು ತಿರುಚುತ್ತಾರೆಂದು ಜೋನ್ಸ್ ಅನುಮಾನಿಸಿದ್ದನೇ ಹೊರತು, ಗ್ರಂಥವನ್ನೇ ಕಲ್ಪಿಸಿ ಹೇಳುವ ಸಹಾಯಕನನ್ನು ಅವನು ಊಹಿಸಿರಲಾರ.

ಇಷ್ಟೆಲ್ಲ ಆದರೂ ನಮ್ಮ ಹಳ್ಳಿಯ ಕಕ್ಷಿಗಾರನ ಪಾಲಿಗೆ ಒಂದು ಬೀಗ ಹಾಗೆಯೇ ಇದೆ: ಭಾಷೆ. ಸಂವಿಧಾನದ 348ನೆಯ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ ಮತ್ತು ಸಾಮಾನ್ಯವಾಗಿ ಹೈಕೋರ್ಟುಗಳ ಭಾಷೆ ಇಂಗ್ಲಿಷ್. ತನ್ನ ಜಮೀನು ಯಾಕೆ ಹೋಯಿತು ಎಂದು ಹೇಳುವ ತೀರ್ಪು ಪುಕ್ಕಟೆಯಾಗಿ ಮೊಬೈಲಿನಲ್ಲೇ ಸಿಕ್ಕರೂ ಓದಲು ಇನ್ನೊಬ್ಬರು ಬೇಕು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ‘ಸುವಾಸ್’ ಎಂಬ ಅನುವಾದ ಯಂತ್ರವನ್ನು ಬಳಕೆಗೆ ತಂದಿತು. 2023ರ ಜನವರಿ ಕೊನೆಯ ವೇಳೆಗೆ ಪ್ರಾದೇಶಿಕ ಭಾಷೆಗಳಲ್ಲಿ ಓದಲು ಸಿದ್ಧವಾದ ತೀರ್ಪುಗಳು 1,268. ಅವುಗಳಲ್ಲಿ ಹಿಂದಿಯಲ್ಲಿ 1,091, ತಮಿಳಿನಲ್ಲಿ 52, ಮಲಯಾಳದಲ್ಲಿ 29, ಕನ್ನಡದಲ್ಲಿ 17. ಮುಂದೆ ಸಂಖ್ಯೆ ಬೆಳೆಯಿತು, ಆದರೆ ಬೆಳೆಸುವುದು ಗುಂಡಿ ಒತ್ತಿದಷ್ಟು ಸುಲಭವಲ್ಲ. ಸುಪ್ರೀಂ ಕೋರ್ಟಿನ ಆದೇಶಗಳಲ್ಲಿ ದಿನವೂ ಬರುವ ‘ಲೀವ್ ಗ್ರಾಂಟೆಡ್’ ಎಂಬ ಎರಡು ಪದಗಳನ್ನೇ ನೋಡಿ. ಮೇಲ್ಮನವಿಗೆ ಅನುಮತಿ ಕೊಟ್ಟಿದೆ ಎಂದು ಅದರ ಅರ್ಥ. ಕೋರ್ಟಿನ ರೀತಿ ತಿಳಿಯದವರು ರಜೆ ಮಂಜೂರಾಗಿದೆ ಎಂದು ಓದಿಕೊಂಡಾರು, ಯಂತ್ರವೂ ಹಾಗೆಯೇ ಓದೀತು. ಅದಕ್ಕಾಗಿ ಯಂತ್ರದ ಪ್ರತಿಯನ್ನು ಎರಡು ಭಾಷೆಯನ್ನೂ ಕಾನೂನನ್ನೂ ಬಲ್ಲವರು ಕುಳಿತು ಸಾಲುಸಾಲಾಗಿ ತಿದ್ದಬೇಕು. ಹೈಕೋರ್ಟುಗಳು ಈ ಕೆಲಸಕ್ಕೆ ಅನುವಾದಕರನ್ನು, ನಿವೃತ್ತ ನ್ಯಾಯಾಂಗ ಅಧಿಕಾರಿಗಳನ್ನು ಹುಡುಕುತ್ತಿವೆ.